ನೋಡಿದ್ದು ಕೈಗೆ ಬರಬೇಕಾದರೆ: ಫ್ಲೈ ಟೈಯಿಂಗ್ ಪ್ರದರ್ಶನದಲ್ಲಿ ಕಲಿಯುವ ಕ್ರಮ

ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಜನವರಿ ತಿಂಗಳಲ್ಲಿ ಮೂರು ದಿನ ನಡೆಯುವ ಫ್ಲೈ ಫಿಶಿಂಗ್ ಷೋಗೆ ಹೋಗಿ ಬಂದ ಹೊಸಬರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಇಪ್ಪತ್ತು ಜನ ಕಟ್ಟುವುದನ್ನು ಹತ್ತಿರದಿಂದ ನೋಡಿದೆ, ಎಲ್ಲವೂ ಅರ್ಥವಾಯಿತು, ಮನೆಗೆ ಬಂದು ಕೊಕ್ಕೆಯನ್ನು ಕಚ್ಚಿ ಹಿಡಿಯುವ ವೈಸಿನ ಮುಂದೆ ಕೂತರೆ ಒಂದೂ ಬರಲಿಲ್ಲ." ನಾನೂ ಮೊದಲ ವರ್ಷ ಹನ್ನೊಂದು ಫ್ಲೈಗಳ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು, ಒಂದು ಚೀಲ ಗರಿ ಹೊತ್ತುಕೊಂಡು ಬಂದು, ಫೆಬ್ರವರಿ ಮುಗಿಯುವವರೆಗೆ ಒಂದೇ ಒಂದು ನೆಟ್ಟಗಿನ ಫ್ಲೈ ಕಟ್ಟಲಾಗದೆ ಕೂತಿದ್ದೆ. ಗರಿ, ಕೂದಲು, ದಾರಗಳನ್ನು ಕೊಕ್ಕೆಯ ಮೇಲೆ ಸುತ್ತಿ ನೀರಿನ ಹುಳುವಿನಂತೆಯೋ ಮರಿಮೀನಿನಂತೆಯೋ ಕಾಣುವಂತೆ ಮಾಡಿದ ಕೃತಕ ಎರೆಯೇ ಫ್ಲೈ. ಅದನ್ನು ಕಟ್ಟುವುದು ಪೂರ್ತಿ ಬೆರಳಿನ ಕೆಲಸ.

ಅಮ್ಮನೋ ಅಜ್ಜಿಯೋ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವುದನ್ನು ಬಾಲ್ಯವಿಡೀ ನೋಡಿಯೂ ಒಂದು ಮೊಳ ಕಟ್ಟಲಾರದವರು ನಮ್ಮ ಮನೆಗಳಲ್ಲಿ ಬೇಕಾದಷ್ಟಿದ್ದಾರೆ. ಅವರ ಕಣ್ಣು ಅಷ್ಟೂ ವರ್ಷ ಮಾಲೆಯ ಮೇಲಿತ್ತು; ನಾರನ್ನು ಹಿಡಿದಿಟ್ಟ ಹೆಬ್ಬೆರಳು ಎಲ್ಲಿ ಒತ್ತುತ್ತಿತ್ತು ಎಂಬುದನ್ನು ಅವರು ನೋಡಿರಲೇ ಇಲ್ಲ. ಪ್ರದರ್ಶನದಲ್ಲಿ ಆಗುವುದೂ ಇದೇ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಯಾವ ಮೇಳ ಎಷ್ಟು ದೊಡ್ಡದು, ಯಾರು ಎಷ್ಟು ಪ್ರಸಿದ್ಧರು ಎಂಬ ವಿಚಾರಗಳಿಲ್ಲ. ಹೊರಡುವ ಎರಡು ವಾರ ಮುಂಚಿನಿಂದ ಹಿಂದಿರುಗಿದ ಒಂದು ವಾರದವರೆಗೆ ಏನನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದಷ್ಟೇ ಇದೆ. ಉದಾಹರಣೆಗಳು ಎಡಿಸನ್ನಿನವು. ಆದರೆ ಮಾರ್ಚ್‌ನಲ್ಲಿ ಆರೆಗಾನಿನ ಆಲ್ಬನಿಯಲ್ಲಿ ನಡೆಯುವ ನಾರ್ತ್‌ವೆಸ್ಟ್ ಫ್ಲೈ ಟೈಯರ್ ಎಕ್ಸ್‌ಪೋಗೆ ಹೋಗುವವರಿಗೂ ಇಂಗ್ಲೆಂಡಿನ ಬ್ರಿಟಿಷ್ ಫ್ಲೈ ಫೇರ್‌ಗೆ ಹೋಗುವವರಿಗೂ ಕ್ರಮ ಬದಲಾಗುವುದಿಲ್ಲ.

ಹಂತ 1: ಹೊರಡುವ ಮುಂಚೆ ಒಂದೇ ಒಂದು ಫ್ಲೈ ಆರಿಸಿ, ಅದನ್ನು ಕೆಟ್ಟದಾಗಿಯಾದರೂ ಕಟ್ಟಿ

ಹೆಚ್ಚಿನವರು ಏನು ಕಲಿಯಬೇಕೆಂಬುದನ್ನು ಅಲ್ಲಿಗೆ ಹೋದ ಮೇಲೆ ನಿರ್ಧರಿಸುತ್ತಾರೆ. ಎಲ್ಲ ತೊಂದರೆಗಳೂ ಇಲ್ಲಿಂದಲೇ ಶುರುವಾಗುತ್ತವೆ. ಎರಡು ವಾರ ಮುಂಚೆಯೇ ಒಂದು ಫ್ಲೈ ಆರಿಸಿಕೊಳ್ಳಿ. ಹೊಸಬರಿಗೆ ನನ್ನ ಸಲಹೆ ವೂಲಿ ಬಗರ್. ಅದರ ಕೊಕ್ಕೆ ದೊಡ್ಡದು, ಸಾಮಗ್ರಿ ಅಗ್ಗ, ಮೀನು ಹಿಡಿಯುವುದರಲ್ಲಿ ಹಳೆಯ ಕೈ; ಎಲ್ಲಕ್ಕಿಂತ ಮುಖ್ಯವಾಗಿ, ದಾರ ಹಿಡಿಯುವುದು, ಬಾಲ ಕಟ್ಟುವುದು, ಮೈ ಸುತ್ತುವುದು, ಹ್ಯಾಕಲ್ ಎಂಬ ಕೋಳಿಗರಿ ಸುತ್ತುವುದು, ತಲೆ ಮುಗಿಸುವುದು ಎಂಬ ಐದೂ ಮೂಲ ಕೆಲಸಗಳು ಆ ಒಂದೇ ಫ್ಲೈಯಲ್ಲಿ ಬರುತ್ತವೆ.

ಆರಿಸಿದ ಮೇಲೆ ಮನೆಯಲ್ಲೇ ಐದಾರು ಕಟ್ಟಿ. ಅವು ಕೆಟ್ಟದಾಗಿ ಬರುತ್ತವೆ, ಬರಲಿ. ಅವುಗಳಲ್ಲಿ ತೀರ ಕೆಟ್ಟ ಮೂರನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಳ್ಳಿ. ಈ ಮೂರು ಫ್ಲೈಗಳೇ ನಿಮ್ಮ ನಿಜವಾದ ಪ್ರವೇಶ ಪತ್ರ. ಕಟ್ಟುವವರ ಮುಂದೆ "ನನಗೆ ಸರಿಯಾಗಿ ಬರುತ್ತಿಲ್ಲ" ಎಂದು ಹೇಳಿದರೆ ಅವರು ಮೊದಲಿನಿಂದ ಕೊನೆಯವರೆಗೆ ಒಂದು ಫ್ಲೈ ಕಟ್ಟಿ ತೋರಿಸುತ್ತಾರೆ, ನೀವು ಮತ್ತೆ ಎಲ್ಲವನ್ನೂ ನೋಡಿ ಏನನ್ನೂ ಹಿಡಿಯದೆ ಎದ್ದು ಬರುತ್ತೀರಿ. ಕೆಟ್ಟ ಫ್ಲೈಯನ್ನು ಅವರ ಅಂಗೈಗೆ ಇಟ್ಟರೆ ಅದನ್ನು ಒಮ್ಮೆ ತಿರುಗಿಸಿ ನೋಡಿ, "ಬಾಲದ ಮೆತ್ತನೆಯ ಮ್ಯಾರಬೂ ಗರಿಯ ಬುಡವನ್ನು ಇಲ್ಲಿ ಕತ್ತರಿಸಿದ್ದೀರಿ, ಅದಕ್ಕೇ ಈ ಉಬ್ಬು" ಎಂದು ಕಾರಣವನ್ನೇ ಹೇಳುತ್ತಾರೆ.

ಇದೇ ಎರಡು ವಾರಗಳಲ್ಲಿ ಮಾಡಬೇಕಾದ ಇನ್ನೊಂದು ಅಭ್ಯಾಸವಿದೆ. ಬರಿಯ ಕೊಕ್ಕೆಗೆ ದಾರ ಸುತ್ತಿ, ಅದು ತುಂಡಾಗುವವರೆಗೆ ನಿಧಾನವಾಗಿ ಎಳೆಯಿರಿ. ಹತ್ತು ಸಲ ಹೀಗೆ ಮಾಡಿದರೆ ಆ ದಾರ ಎಷ್ಟು ಬಿಗಿತ ತಡೆಯುತ್ತದೆ ಎಂಬುದು ಕೈಗೆ ಗೊತ್ತಾಗುತ್ತದೆ. ಪ್ರದರ್ಶನದಲ್ಲಿ ಕಣ್ಣಿಗೆ ಎಂದೂ ಕಾಣದ ಸಂಗತಿಯೆಂದರೆ ದಾರದ ಬಿಗಿತವೇ, ಹಾಗಾಗಿ ಅದನ್ನು ಮನೆಯಲ್ಲೇ ಕಲಿತು ಹೋಗಬೇಕು.

ಹಂತ 2: ಅಂಗಗಳ ಹೆಸರು ಮತ್ತು ಅಳತೆಯ ಭಾಷೆ ತಿಳಿದಿರಲಿ

ಕಟ್ಟುವವರು ಮಾತಾಡುವಾಗ ಕೊಕ್ಕೆಯ ಅಂಗಗಳ ಹೆಸರನ್ನು ಬಿಡಿಸಿ ಹೇಳುತ್ತ ಕೂರುವುದಿಲ್ಲ. ದಾರ ಪೋಣಿಸುವ ತೂತಿಗೆ ಐ, ನೇರ ಭಾಗಕ್ಕೆ ಶ್ಯಾಂಕ್, ತಿರುವಿಗೆ ಬೆಂಡ್, ಮೊನೆಗೆ ಪಾಯಿಂಟ್, ಮೊನೆಗೂ ನೇರ ಭಾಗಕ್ಕೂ ನಡುವಿನ ತೆರಪಿಗೆ ಗ್ಯಾಪ್ ಎನ್ನುತ್ತಾರೆ. ಮುಂದೆ ನಾನು ಇವನ್ನು ಕಣ್ಣು, ದಂಡ, ಬಾಗು, ಮೊನೆ, ಬಾಯಿ ಎಂದು ಕರೆಯುತ್ತೇನೆ. ಫ್ಲೈಯ ಯಾವ ಅಳತೆಯನ್ನೂ ಇಂಚಿನಲ್ಲಿ ಹೇಳುವುದಿಲ್ಲ. ಬಾಲ ದಂಡದಷ್ಟು ಉದ್ದ, ಹ್ಯಾಕಲ್‌ನ ಎಳೆ ಬಾಯಿಯ ಒಂದೂವರೆಯಷ್ಟು ಎಂದು ಕೊಕ್ಕೆಯಿಂದಲೇ ಕೊಕ್ಕೆಯನ್ನು ಅಳೆಯುತ್ತಾರೆ. ಈ ಪದ್ಧತಿ ಗೊತ್ತಿದ್ದರೆ ಕೊಕ್ಕೆಯ ಗಾತ್ರ ಬದಲಾದರೂ ಕಲಿತದ್ದು ಉಳಿಯುತ್ತದೆ.

ಕೊಕ್ಕೆಯ ಸಂಖ್ಯೆ ದೊಡ್ಡದಾದಂತೆ ಕೊಕ್ಕೆ ಚಿಕ್ಕದಾಗುತ್ತದೆ, ಅಂದರೆ 16ನೆಯದು 8ನೆಯದಕ್ಕಿಂತ ಸಣ್ಣದು. ದಾರವನ್ನು 6/0, 8/0 ಎಂದು ಗುರುತಿಸುವ ಹಳೆಯ ರೂಢಿ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ಡೆನಿಯರ್ ಕೇಳಿ ತಿಳಿದುಕೊಳ್ಳಿ. ಡೆನಿಯರ್ ಎಂದರೆ 9000 ಮೀಟರ್ ದಾರದ ತೂಕ ಗ್ರಾಮಿನಲ್ಲಿ. ವೂಲಿ ಬಗರ್‌ಗೆ 140, ಸಣ್ಣ ಫ್ಲೈಗಳಿಗೆ 70 ಡೆನಿಯರ್ ಸಾಕು.

ಹಂತ 3: ಚೀಲದಲ್ಲಿ ಇರಬೇಕಾದದ್ದು

ಗೆರೆಯಿಲ್ಲದ ಹಾಳೆಯ ಸಣ್ಣ ಪುಸ್ತಕ, ಪೆನ್ಸಿಲ್, ನಿಮ್ಮ ಮೂರು ಕೆಟ್ಟ ಫ್ಲೈಗಳ ಡಬ್ಬಿ, ಯಾರಾದರೂ ಫ್ಲೈ ಕೊಟ್ಟರೆ ಹಾಕಿಕೊಳ್ಳಲು ಇನ್ನೊಂದು ಖಾಲಿ ಡಬ್ಬಿ, ಜಿಪ್ ಇರುವ ಆರೇಳು ಪ್ಲಾಸ್ಟಿಕ್ ಚೀಲಗಳು, ಮತ್ತು ನಲವತ್ತು ದಾಟಿದವರಾದರೆ ಓದುವ ಕನ್ನಡಕ ಬೇಕು. ಕನ್ನಡಕ ಮರೆತು ಹೋದವರು ಎರಡಡಿ ದೂರದ ದಾರವನ್ನು ನೋಡಲಾಗದೆ, ನೋಡಿದೆವೆಂದು ಭಾವಿಸಿ ಬರುವುದನ್ನು ಹಲವು ಸಲ ಕಂಡಿದ್ದೇನೆ.

ಹಣ ಕೊಟ್ಟು ಸೇರುವ ತರಗತಿಯಲ್ಲಿ ಹೆಸರು ಬರೆಸಿದ್ದರೆ ಮಾತ್ರ ವೈಸ್ ಮತ್ತು ಉಪಕರಣಗಳನ್ನು ಒಯ್ಯಿರಿ. ಅದಕ್ಕೂ ಮುಂಚೆ ಅಲ್ಲೇ ಕೊಡುತ್ತಾರೆಯೇ ಎಂದು ಕೇಳಿಕೊಳ್ಳಿ. ವಿಮಾನದಲ್ಲಿ ಹೋಗುವವರು ಕತ್ತರಿ, ಸೂಜಿ, ಕೊಕ್ಕೆಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳದೆ ಚೆಕ್-ಇನ್ ಸಾಮಾನಿನಲ್ಲಿ ಹಾಕುವುದು ಕ್ಷೇಮ.

ಹಂತ 4: ಮೂರು ಬಗೆಯ ಪ್ರದರ್ಶನಗಳಲ್ಲಿ ಯಾವುದಕ್ಕೆ ಎಷ್ಟು ಹೊತ್ತು

ಮೊದಲನೆಯದು ಕಟ್ಟುವವರ ಸಾಲು. ಉದ್ದಕ್ಕೂ ಮೇಜುಗಳು, ಪ್ರತಿ ಮೇಜಿನ ಹಿಂದೆ ಒಬ್ಬರು ತಮ್ಮ ವೈಸಿನೊಂದಿಗೆ ಕೂತಿರುತ್ತಾರೆ, ಎದುರಿಗೆ ಎರಡು ಮೂರು ಕುರ್ಚಿ. ಪ್ರಶ್ನೆ ಕೇಳಲು, ಕೆಟ್ಟ ಫ್ಲೈ ತೋರಿಸಲು ಇದೇ ಜಾಗ. ಎರಡನೆಯದು ದೊಡ್ಡ ಪರದೆಯ ಪ್ರದರ್ಶನ. ಕ್ಯಾಮೆರಾ ಕೊಕ್ಕೆಯನ್ನು ಊಟದ ತಟ್ಟೆಯಷ್ಟು ದೊಡ್ಡದಾಗಿ ತೋರಿಸುವುದರಿಂದ ಅಳತೆ ಮತ್ತು ಸುತ್ತುಗಳ ಎಣಿಕೆ ಇಲ್ಲಿ ಚೆನ್ನಾಗಿ ಸಿಗುತ್ತದೆ, ಆದರೆ ಕೈಗಳು ಪರದೆಯ ಹೊರಗೆ ಉಳಿಯುತ್ತವೆ. ಮೂರನೆಯದು ಹಣ ಕೊಟ್ಟು ಸೇರುವ ತರಗತಿ. ಇಲ್ಲಿ ನೀವೇ ಕಟ್ಟುತ್ತೀರಿ, ಕಲಿಸುವವರು ನಿಮ್ಮ ಕೈ ನೋಡುತ್ತಾರೆ.

ಮೊದಲು ಪರದೆ, ಆಮೇಲೆ ಸಾಲು ಎಂಬ ಕ್ರಮ ಒಳ್ಳೆಯದು. ದೊಡ್ಡದಾಗಿ ನೋಡಿ ಏನಾಗುತ್ತಿದೆ ಎಂದು ತಿಳಿದ ಮೇಲೆ, ಅದನ್ನು ಬೆರಳುಗಳು ಹೇಗೆ ಮಾಡುತ್ತವೆ ಎಂದು ಹತ್ತಿರ ಕೂತು ನೋಡಬಹುದು. ತರಗತಿಗೆ ಅವಕಾಶವಿದ್ದರೆ ಅದು ಕೊನೆಗೆ ಬರಲಿ. ಶನಿವಾರ ಮಧ್ಯಾಹ್ನ ಸಾಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಾಗಿಲು ತೆರೆದ ಮೊದಲ ಗಂಟೆ, ಇಲ್ಲವೇ ಭಾನುವಾರ ಊಟದ ನಂತರದ ಹೊತ್ತು ನಿಮ್ಮದಾಗಲಿ. ಕಟ್ಟುವವರು ಸರದಿಯಂತೆ ಬದಲಾಗುವುದುಂಟು, ಆದ್ದರಿಂದ ನಿಮಗೆ ಬೇಕಾದವರು ಯಾವ ದಿನ, ಯಾವ ವೇಳೆಗೆ ಕೂರುತ್ತಾರೆ ಎಂಬುದನ್ನು ವೇಳಾಪಟ್ಟಿಯಲ್ಲಿ ಮುಂಚೆಯೇ ಗುರುತು ಮಾಡಿಕೊಳ್ಳಿ. ಇಡೀ ದಿನಕ್ಕೆ ಮೂವರು ಸಾಕು, ನಾಲ್ಕನೆಯವರ ಹತ್ತಿರ ಹೋಗುವ ಹೊತ್ತಿಗೆ ಮೊದಲನೆಯವರು ಹೇಳಿದ್ದು ಮರೆತಿರುತ್ತದೆ.

ಹಂತ 5: ಎಲ್ಲಿ ಕೂರಬೇಕು

ಇದು ಚಿಕ್ಕ ವಿಷಯವೆಂದು ತೋರುತ್ತದೆ, ಆದರೆ ಅರ್ಧದಷ್ಟು ಸೋಲುಗಳಿಗೆ ಕಾರಣ ಇದೇ. ಬಲಗೈಯವರು ಕಟ್ಟುವಾಗ ಕೊಕ್ಕೆಯ ಕಣ್ಣು ಅವರ ಬಲಕ್ಕಿರುತ್ತದೆ, ದಾರ ದಂಡದ ಮೇಲಿನಿಂದ ಅವರಿಂದ ಆಚೆಗೆ ಹೋಗುತ್ತದೆ. ಎದುರಿನ ಕುರ್ಚಿಯಲ್ಲಿ ಕೂತ ನಿಮಗೆ ಕಣ್ಣು ಎಡಕ್ಕೆ ಕಾಣುತ್ತದೆ, ದಾರ ನಿಮ್ಮ ಕಡೆಗೆ ಬರುತ್ತದೆ. ಮನೆಗೆ ಹೋಗಿ ನೆನಪಿನಿಂದ ಕಟ್ಟುವಾಗ ಕೈ ಗಲಿಬಿಲಿಗೊಳ್ಳುವುದು ಈ ತಿರುವುಮುರುವಿನಿಂದಲೇ.

ಸಾಧ್ಯವಾದರೆ ಅವರ ಎಡ ಭುಜದ ಹಿಂದೆ ನಿಂತು ನೋಡಲು ಅನುಮತಿ ಕೇಳಿ. ಮೇಜಿನ ಹಿಂದೆ ಜಾಗವಿದ್ದರೆ ಬೇಡವೆನ್ನುವವರು ಕಡಿಮೆ. ಅದು ಆಗದಿದ್ದರೆ ಮೇಜಿನ ಮೂಲೆಯಲ್ಲಿ, ಕೊಕ್ಕೆಯ ಕಣ್ಣು ನಿಮ್ಮ ಕಡೆ ಇರುವಂತೆ ಕೂತರೆ ದಾರ ಸುತ್ತುವ ದಿಕ್ಕಾದರೂ ಸರಿಯಾಗಿ ಕಾಣುತ್ತದೆ. ಪರದೆಯ ಮುಂದೆ ಕೂತಾಗ ಕೊಕ್ಕೆಯ ಕಣ್ಣು ಯಾವ ಕಡೆಗಿದೆ ಎಂದು ಮೊದಲು ನೋಡಿ: ಬಲಗೈಯವರು ಕಟ್ಟುತ್ತಿದ್ದು ಕಣ್ಣು ಬಲಕ್ಕೆ ಕಂಡರೆ ಅದು ಅವರದೇ ನೋಟ, ಎಡಕ್ಕೆ ಕಂಡರೆ ಕ್ಯಾಮೆರಾ ಎದುರಿನಿಂದ ನೋಡುತ್ತಿದೆ. ಎಡಚರಿಗೆ ಮಾತ್ರ ಇಲ್ಲೊಂದು ಲಾಭವಿದೆ. ಬಲಗೈಯವರ ಎದುರು ಕೂತರೆ ಕನ್ನಡಿಯಲ್ಲಿ ತಮ್ಮ ಕೈಯನ್ನೇ ನೋಡಿದಂತಾಗುತ್ತದೆ, ಆದ್ದರಿಂದ ಅವರು ಎದುರಿನ ಕುರ್ಚಿ ಬಿಟ್ಟು ಏಳಬಾರದು.

ಹಂತ 6: ಒಂದೇ ಫ್ಲೈಯನ್ನು ಮೂರು ಸಲ ನೋಡುವ ಕ್ರಮ

ಸಾಲಿನಲ್ಲಿ ಕೂತವರು ಸಾಮಾನ್ಯವಾಗಿ ಒಂದೇ ಫ್ಲೈಯನ್ನು ಮತ್ತೆ ಮತ್ತೆ ಕಟ್ಟುತ್ತಿರುತ್ತಾರೆ. ಜನ ಒಂದು ಫ್ಲೈ ಮುಗಿದೊಡನೆ ಎದ್ದು ಮುಂದಿನ ಮೇಜಿಗೆ ಹೋಗುತ್ತಾರೆ, ನೀವು ಏಳಬೇಡಿ. ಕಲಿಕೆ ಶುರುವಾಗುವುದು ಎರಡನೆಯ ಫ್ಲೈಯಿಂದ.

ಮೊದಲ ಸಲ ಪುಸ್ತಕ ಮುಚ್ಚಿ, ಕೆಲಸದ ಕ್ರಮವನ್ನಷ್ಟೇ ನೋಡಿ. ವೂಲಿ ಬಗರ್‌ನಲ್ಲಿ ದಾರದ ಹಾಸು ಹಾಕಿ, ಬಾಲ ಕಟ್ಟಿದ ಮೇಲೆ, ಬಾಗಿನ ಹತ್ತಿರ ತಂತಿ, ಹ್ಯಾಕಲ್ ಗರಿಯ ತುದಿ, ಶೆನೀಲ್ (ಮೈಗೆ ಸುತ್ತುವ ಜುಂಗಿನ ನೂಲು) ಎಂಬ ಕ್ರಮದಲ್ಲಿ ಮೂರನ್ನೂ ಕಟ್ಟಿ ನಿಲ್ಲಿಸುತ್ತಾರೆ. ಮುಂದಕ್ಕೆ ಸುತ್ತುವಾಗ ಅದು ತಲೆಕೆಳಗಾಗುತ್ತದೆ: ಮೊದಲು ಶೆನೀಲ್, ಆಮೇಲೆ ಹ್ಯಾಕಲ್, ಕೊನೆಗೆ ತಂತಿ. ಪ್ರಯಾಣದ ಪೆಟ್ಟಿಗೆಯಲ್ಲಿ ಮೊದಲು ಬೇಕಾದದ್ದನ್ನು ಕೊನೆಗೆ ತುಂಬುವಂತೆಯೇ ಇದು. ಹೆಚ್ಚುಕಡಿಮೆ ಎಲ್ಲ ಫ್ಲೈಗಳಿಗೂ ಅನ್ವಯಿಸುವ ಈ ಒಂದು ಸೂತ್ರ ಹಿಡಿದುಕೊಂಡರೆ ಮುಂದೆ ಯಾವ ಫ್ಲೈಯ ಕ್ರಮವನ್ನೂ ಬಾಯಿಪಾಠ ಮಾಡಬೇಕಾಗುವುದಿಲ್ಲ.

ಎರಡನೆಯ ಸಲ ಸಾಮಗ್ರಿಯನ್ನು ಮರೆತು ದಾರ ಹಿಡಿದ ಕೈಯನ್ನೇ ನೋಡಿ. ದಾರದ ಉರುಳೆ ಹಿಡಿಯುವ ಬಾಬಿನ್ನಿನ ಕೊಳವೆಯ ತುದಿಗೂ ಕೊಕ್ಕೆಗೂ ನಡುವೆ ಎರಡು ಬೆರಳಗಲಕ್ಕಿಂತ ಹೆಚ್ಚು ದಾರ ಇರುವುದಿಲ್ಲ ಎಂಬುದನ್ನು ಗಮನಿಸಿ. ಹೊಸಬರು ಐದಾರು ಬೆರಳಗಲ ಬಿಟ್ಟು, ದಾರ ಎಲ್ಲಿ ಬೀಳುತ್ತದೆ ಎಂಬ ಹಿಡಿತವನ್ನೇ ಕಳೆದುಕೊಳ್ಳುತ್ತಾರೆ. ಬಾಲ ಕಟ್ಟುವ ಕ್ಷಣದಲ್ಲಿ ಅವರ ಎಡಗೈಯನ್ನು ನೋಡಿ: ಗರಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಹಿಡಿದು, ದಾರವನ್ನು ಆ ಬೆರಳುಗಳ ಸಂದಿಯಿಂದಲೇ ಮೇಲಕ್ಕೆ ಒಯ್ದು, ಒಂದು ಸಡಿಲ ಕುಣಿಕೆ ಬಿಟ್ಟು, ನೇರ ಕೆಳಕ್ಕೆ ಎಳೆಯುತ್ತಾರೆ. ಇದಕ್ಕೆ ಪಿಂಚ್ ರ್ಯಾಪ್ ಎನ್ನುತ್ತಾರೆ. ಎರಡು ಮೂರು ಸುತ್ತು ಬಿಗಿಯುವವರೆಗೆ ಬೆರಳು ಬಿಡುವುದಿಲ್ಲ. ನಿಮ್ಮ ಫ್ಲೈಯ ಬಾಲ ದಂಡದ ಪಕ್ಕಕ್ಕೆ ಜಾರುತ್ತಿದ್ದರೆ ನೀವು ಬೆರಳನ್ನು ಬೇಗ ಬಿಡುತ್ತಿದ್ದೀರಿ ಎಂದೇ ಅರ್ಥ.

ಬಾಬಿನ್ನನ್ನು ಆಗಾಗ ಬೆರಳಲ್ಲಿ ತಿರುಗಿಸಿ ಬಿಡುವುದನ್ನೂ ಈ ಸಲವೇ ನೋಡಬೇಕು. ಪ್ರತಿ ಸುತ್ತಿಗೂ ದಾರಕ್ಕೆ ಒಂದೊಂದು ಹುರಿ ಸೇರಿಕೊಳ್ಳುತ್ತ ದಾರ ಗುಂಡಗಾಗುತ್ತದೆ. ಬಲಗೈಯವರು ಬಾಬಿನ್ನನ್ನು ಮೇಲಿನಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಹುರಿ ಬಿಚ್ಚಿ ದಾರ ರಿಬ್ಬನ್ನಿನಂತೆ ಚಪ್ಪಟೆಯಾಗಿ ಕೂರುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ವರ್ಷಗಳ ರೂಢಿಯಿಂದ ಅವರ ಕೈ ತಾನಾಗಿ ಮಾಡುತ್ತದೆ, ಮಾಡುತ್ತಿದ್ದೇವೆಂದು ಅವರಿಗೇ ಗೊತ್ತಿರುವುದಿಲ್ಲ. ಪ್ರದರ್ಶನಕ್ಕೆ ಖುದ್ದಾಗಿ ಹೋಗುವುದು ಇಂತಹ ಹೇಳದ ಕೆಲಸಗಳನ್ನು ಕಾಣುವುದಕ್ಕೇ.

ಮೂರನೆಯ ಸಲ ಪುಸ್ತಕ ತೆರೆದು ಎಣಿಸಿ. ಹ್ಯಾಕಲ್ ಎಷ್ಟು ಸುತ್ತು, ತಲೆಗೆ ಎಷ್ಟು ಸುತ್ತು, ಶೆನೀಲ್ ನಿಲ್ಲಿಸಿದಾಗ ಕಣ್ಣಿನ ಹಿಂದೆ ಎಷ್ಟು ಜಾಗ ಖಾಲಿ ಬಿಟ್ಟರು. ಈ ಕೊನೆಯ ಪ್ರಶ್ನೆಯ ಉತ್ತರವನ್ನು ಕೆಂಪು ಗೆರೆ ಎಳೆದು ಬರೆದುಕೊಳ್ಳಿ, ಏಕೆಂದರೆ ಹೊಸಬರ ಹತ್ತು ಫ್ಲೈಗಳಲ್ಲಿ ಎಂಟು ಕೆಡುವುದು ತಲೆಗೆ ಜಾಗ ಉಳಿಸದೆ ಕಣ್ಣಿನವರೆಗೂ ಎಲ್ಲವನ್ನೂ ತುರುಕುವುದರಿಂದ. ಕಣ್ಣಿನ ಅಗಲದ ಎರಡರಷ್ಟು ಜಾಗ ಬಿಟ್ಟರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಹಂತ 7: ಹೇಗೆ ಬರೆದುಕೊಳ್ಳಬೇಕು

ವಾಕ್ಯಗಳಲ್ಲಿ ಬರೆಯಬೇಡಿ. ಅರ್ಧ ಪುಟದಷ್ಟು ದೊಡ್ಡದಾಗಿ ಒಂದು ಕೊಕ್ಕೆಯ ಚಿತ್ರ ಬರೆದು, ಎಲ್ಲಿ ಏನನ್ನು ಕಟ್ಟಿದರು ಎಂಬುದಕ್ಕೆ ಆಯಾ ಜಾಗದಲ್ಲೇ ಗುರುತು ಹಾಕಿ. ನನ್ನ ಪುಸ್ತಕದಲ್ಲಿ ವೂಲಿ ಬಗರ್‌ನ ಪುಟ ಹೀಗಿದೆ: ಕೊಕ್ಕೆ ಉದ್ದ ದಂಡದ್ದು, 8ನೆಯ ಸಂಖ್ಯೆ, ದಾರ ಕಪ್ಪು, 140 ಡೆನಿಯರ್, ಬಾಲ ಮ್ಯಾರಬೂ, ದಂಡದಷ್ಟು ಉದ್ದ, ಬುಡವನ್ನು ಕತ್ತರಿಸದೆ ದಂಡದ ಉದ್ದಕ್ಕೂ ಒತ್ತಿ ಕಟ್ಟಬೇಕು, ಮೈ ಶೆನೀಲ್, ಹ್ಯಾಕಲ್ ಹುಂಜದ ಬೆನ್ನಿನ ಸ್ಯಾಡಲ್ ಗರಿ, ತುದಿಯಿಂದ ಕಟ್ಟಿ, ಮುಂದಕ್ಕೆ 5 ಅಥವಾ 6 ಸುತ್ತು, ತಾಮ್ರದ ಸಣ್ಣ ತಂತಿ ಹ್ಯಾಕಲ್‌ಗೆ ಎದುರು ದಿಕ್ಕಿನಲ್ಲಿ, ತಲೆಗೆ ಎರಡು ಕಣ್ಣಿನಷ್ಟು ಜಾಗ. ಇಷ್ಟೇ.

ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವವರು ಮೊದಲು ಕೇಳಬೇಕು. ಹೆಚ್ಚಿನವರು ಒಪ್ಪುತ್ತಾರೆ, ಆದರೆ ಕೆಲವರು ಇದರಿಂದಲೇ ಜೀವನ ನಡೆಸುವವರು. ಚಿತ್ರೀಕರಣದ ಇನ್ನೊಂದು ಕೇಡೆಂದರೆ, ಮೊಬೈಲ್ ನೋಡಿಕೊಳ್ಳುತ್ತದೆ ಎಂಬ ಧೈರ್ಯದಲ್ಲಿ ನಾವು ನೋಡುವುದನ್ನು ಬಿಡುತ್ತೇವೆ. ಪಿಂಚ್ ರ್ಯಾಪ್ ಅಥವಾ ಕೊನೆಯ ವಿಪ್ ಫಿನಿಶ್ ಗಂಟಿನಂತಹ ಅರ್ಧ ನಿಮಿಷದ ಕೆಲಸವನ್ನಷ್ಟೇ ಹಿಡಿದುಕೊಂಡು ಮೊಬೈಲನ್ನು ಜೇಬಿಗೆ ಹಾಕಿ.

ಹಂತ 8: ಕೇಳಬೇಕಾದ ಪ್ರಶ್ನೆ, ಕೇಳಬೇಕಾದ ಹೊತ್ತು

ದಾರ ಬಿಗಿಯುವಾಗ, ಸುತ್ತು ಎಣಿಸುವಾಗ ಮಾತಾಡಿಸಬೇಡಿ. ಅವರು ಬಾಬಿನ್ನನ್ನು ನೇತಾಡಲು ಬಿಟ್ಟು ಇನ್ನೊಂದು ಸಾಮಗ್ರಿಗೆ ಕೈ ಚಾಚಿದಾಗ ಕೇಳಿ. "ಈ ಗರಿ ಎಲ್ಲಿ ಸಿಗುತ್ತದೆ", "ಇದಕ್ಕೆ ಯಾವ ಮೀನು ಬೀಳುತ್ತದೆ" ಎಂಬವು ಮನೆಯಲ್ಲೇ ತಿಳಿಯಬಹುದಾದ ಪ್ರಶ್ನೆಗಳು. "ಈಗ ದಾರವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೀರಿ, ನನ್ನ ಬೆರಳಿಗೆ ಒಮ್ಮೆ ಎಳೆದು ತೋರಿಸುತ್ತೀರಾ" ಎಂಬುದು ಅಲ್ಲಿ ಮಾತ್ರ ಉತ್ತರ ಸಿಗುವ ಪ್ರಶ್ನೆ. "ಇದನ್ನು ಕಲಿಯುವವರು ಎಲ್ಲಿ ತಪ್ಪುತ್ತಾರೆ" ಎಂದು ಕೇಳಿದರಂತೂ ಕಲಿಸುವ ಮನಸ್ಸಿನ ಯಾರೂ ಎರಡು ನಿಮಿಷ ಮಾತು ನಿಲ್ಲಿಸುವುದಿಲ್ಲ.

ನಮ್ಮವರ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಹಿರಿಯರು ಹೇಳುತ್ತಿರುವಾಗ ಅರ್ಥವಾಗದಿದ್ದರೂ ಹೂಂಗುಟ್ಟುತ್ತ ತಲೆಯಾಡಿಸುವುದು ನಮಗೆ ಮರ್ಯಾದೆ. ಅಲ್ಲಿ ಆ ತಲೆಯಾಟವನ್ನು ಅರ್ಥವಾಯಿತೆಂದೇ ತೆಗೆದುಕೊಂಡು ಅವರು ಮುಂದಿನ ಹಂತಕ್ಕೆ ಹೋಗಿಬಿಡುತ್ತಾರೆ. ಪಕ್ಕಕ್ಕೆ ಓಲಾಡಿಸಿದರೆ ಒಪ್ಪಿಗೆಯೋ ನಿರಾಕರಣೆಯೋ ತಿಳಿಯದೆ ಕೈ ನಿಲ್ಲಿಸುತ್ತಾರೆ. ಅರ್ಥವಾಗದಿದ್ದಾಗ ತಲೆಯನ್ನು ಸುಮ್ಮನಿಟ್ಟು, "ಇನ್ನೊಮ್ಮೆ ನಿಧಾನವಾಗಿ" ಎಂದು ಬಾಯಿಬಿಟ್ಟು ಕೇಳಿ.

ಮೇಜಿನ ಮೇಲಿನ ಗರಿಗಳನ್ನು ಕೇಳದೆ ಮುಟ್ಟಬಾರದು. ಹಿಂದೆ ಕಾಯುವವರಿದ್ದರೆ ಮೂರನೆಯ ಫ್ಲೈ ಮುಗಿದೊಡನೆ ಕುರ್ಚಿ ಬಿಡಬೇಕು. ಕಟ್ಟಿದ ಫ್ಲೈಯನ್ನು ಅವರಾಗಿ ಕೊಟ್ಟರೆ ಸಂಕೋಚಪಡದೆ ತೆಗೆದುಕೊಳ್ಳಿ. ಅದರಿಂದ ಮಾಡಬೇಕಾದ ಒಂದು ಮುಖ್ಯ ಕೆಲಸ ಹಂತ 10ರಲ್ಲಿದೆ.

ಹಂತ 9: ಕೊಳ್ಳುವುದು ಕೊನೆಗೆ, ಅದೂ ಕಾನೂನು ತಿಳಿದು

ಮಳಿಗೆಗಳಿಗೆ ಮೊದಲು ನುಗ್ಗಿದರೆ ಹಣವೂ ಹೊತ್ತೂ ಅಲ್ಲೇ ಮುಗಿಯುತ್ತವೆ. ಪುಸ್ತಕದಲ್ಲಿ ಬರೆದುಕೊಂಡ ಪುಟದಲ್ಲಿ ಏನಿದೆಯೋ ಅದನ್ನಷ್ಟೇ, ಹನ್ನೆರಡು ಫ್ಲೈಗೆ ಸಾಕಾಗುವಷ್ಟು ಕೊಳ್ಳಿ. ಹ್ಯಾಕಲ್ ಕೊಳ್ಳುವಾಗ ಗರಿಯನ್ನು ಮೆಲ್ಲಗೆ ಬಾಗಿಸಿ ನೋಡಬೇಕು. ದಂಟು ಬಳುಕದೆ ಮುರಿಯುವಂತಿದ್ದರೆ ಕೊಕ್ಕೆಗೆ ಸುತ್ತುವಾಗ ಖಂಡಿತ ಸೀಳುತ್ತದೆ. ನೀರ ಮೇಲೆ ತೇಲಬೇಕಾದ ಫ್ಲೈಗೆ ಹುಂಜದ ಬಿರುಸು ಎಳೆ, ಮುಳುಗುವುದಕ್ಕೆ ಹೇಂಟೆಯ ಮೃದು ಎಳೆ ಬೇಕು. ಚೀಲದ ತಳದಲ್ಲಿ ಹುಡಿ ಇದ್ದರೆ, ದಂಟಿನ ಮೇಲೆ ಎಳೆಗಳನ್ನು ಯಾರೋ ಕೆರೆದಂತೆ ಬೋಳು ಜಾಗಗಳಿದ್ದರೆ ಹುಳು ಹತ್ತಿದೆ. ಎಷ್ಟು ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ. ನಾನು ಒಮ್ಮೆ ಹೀಗೆ ಅರ್ಧ ಬೆಲೆಗೆ ಸಿಕ್ಕ ಹುಂಜದ ಕತ್ತಿನ ಗರಿ ತಂದು, ಬೇಸಿಗೆಯ ಹೊತ್ತಿಗೆ ಪೆಟ್ಟಿಗೆಯಲ್ಲಿದ್ದ ಇತರ ಗರಿಗಳನ್ನೂ ಕಳೆದುಕೊಂಡೆ.

ಕರ್ನಾಟಕದಿಂದ ಹೋದವರು ವಿಶೇಷವಾಗಿ ತಿಳಿಯಬೇಕಾದ ಎರಡು ಸಂಗತಿಗಳಿವೆ. ಸಾಲಿನಲ್ಲಿ ಅತಿ ಹೆಚ್ಚು ಕಾಣುವ ಸಾಮಗ್ರಿಗಳಲ್ಲಿ ನವಿಲುಗರಿಯ ಎಳೆಯೂ ಒಂದು. ಊರಲ್ಲಿ ದೇವರ ಮನೆಯಲ್ಲಿ ಕಟ್ಟುಗಟ್ಟಲೆ ಇದೆಯಲ್ಲ, ಮುಂದಿನ ಸಲ ಬರುವಾಗ ತರೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ತರಬೇಡಿ, ಭಾರತದಿಂದ ನವಿಲುಗರಿಯ ರಫ್ತಿಗೆ ನಿಷೇಧವಿದೆ. ಹಾಗೆಯೇ ಸಾಲ್ಮನ್ ಫ್ಲೈಗಳ ಕೆನ್ನೆಗೆ ಕಟ್ಟುವ, ಮೇಣದ ಹನಿಯಂತೆ ಹೊಳೆಯುವ ಚುಕ್ಕೆಯ ಜಂಗಲ್ ಕಾಕ್ ಗರಿ ನಮ್ಮ ಬಂಡೀಪುರ, ನಾಗರಹೊಳೆಗಳ ಬೂದು ಕಾಡುಕೋಳಿಯದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ವಿದೇಶಗಳ ಮಳಿಗೆಗಳಲ್ಲಿ ಕ್ರಮಬದ್ಧವಾಗಿ ಸಿಗುವುದು ಅಲ್ಲೇ ಸಾಕಿದ ಹಕ್ಕಿಗಳ ಗರಿ. ಮೂಲ ಎಲ್ಲಿಯದೆಂದು ಮಾರುವವರು ಹೇಳದಿದ್ದರೆ ಕೊಳ್ಳಬೇಡಿ. ಅಮೆರಿಕದಲ್ಲಿ ದಾರಿಯಲ್ಲಿ ಬಿದ್ದ ಗರಿಯನ್ನು ಎತ್ತಿಕೊಳ್ಳುವುದೂ ಅಪಾಯವೇ: 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯ್ದೆಯ ಪ್ರಕಾರ ಅಲ್ಲಿನ ಕಾಗೆ, ಕಡಲಹಕ್ಕಿ, ಬಕಗಳಂತಹ ಹಕ್ಕಿಗಳ ಗರಿಯನ್ನು, ತಾನಾಗಿ ಉದುರಿದ್ದಾದರೂ, ಇಟ್ಟುಕೊಳ್ಳುವಂತಿಲ್ಲ. ಗರಿ, ತುಪ್ಪಳಗಳನ್ನು ಭಾರತಕ್ಕೆ ಒಯ್ಯಬೇಕೆಂದಿರುವವರು ಪ್ರಾಣಿಜನ್ಯ ವಸ್ತುಗಳ ಆಮದು ನಿಯಮಗಳನ್ನು ಹೊರಡುವ ಮುಂಚೆಯೇ ವಿಚಾರಿಸಬೇಕು.

ಮನೆಗೆ ತಂದ ಗರಿಗಳನ್ನು ಹಳೆಯ ಪೆಟ್ಟಿಗೆಗೆ ನೇರ ಸೇರಿಸದೆ ಜಿಪ್ ಚೀಲದಲ್ಲಿ ಮುಚ್ಚಿ ಒಂದು ವಾರ ಫ್ರೀಜರಿನಲ್ಲಿಡಿ, ಹೊರತೆಗೆದು ಎರಡು ದಿನ ಬಿಟ್ಟು ಮತ್ತೆ ಒಂದು ವಾರ ಇಡಿ. ಮೊದಲ ಚಳಿಗೆ ಉಳಿದ ಮೊಟ್ಟೆಗಳು ಒಡೆದರೆ ಎರಡನೆಯದಕ್ಕೆ ಸಾಯುತ್ತವೆ. ಚೀಲದ ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ. ಹಿತಕಿದ ಅವರೆಬೇಳೆಯ ಪಕ್ಕದಲ್ಲಿ ಹುಂಜದ ಕತ್ತು ಕಂಡ ದಿನ ನಮ್ಮ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವಂತಿಲ್ಲ.

ಹಂತ 10: ಅದೇ ರಾತ್ರಿ ಮೂರು, ಒಂದು ವಾರದಲ್ಲಿ ಹನ್ನೆರಡು

ಹಿಂದಿರುಗಿದ ರಾತ್ರಿ ಎಷ್ಟೇ ದಣಿವಿದ್ದರೂ ಮನೆಯಲ್ಲಿ ಮೊದಲೇ ಇರುವ ಸಾಮಗ್ರಿಯಿಂದ ಮೂರು ಫ್ಲೈ ಕಟ್ಟಿ ಮಲಗಿ. ಕೈ ನೋಡಿದ ನೆನಪು ಬೆಳಗಾಗುವುದರೊಳಗೆ ಮಸುಕಾಗಿ, ಫ್ಲೈ ನೋಡಿದ ನೆನಪು ಮಾತ್ರ ಉಳಿಯುತ್ತದೆ. ಮರುದಿನ ಅಲ್ಲಿ ಕೊಟ್ಟ ಫ್ಲೈಯನ್ನು ವೈಸಿಗೆ ಹಾಕಿ. ಅಂತಹ ಎರಡು ಸಿಕ್ಕಿದ್ದರೆ ಒಂದನ್ನು ಮಾದರಿಗೆ ಇಟ್ಟುಕೊಂಡು ಇನ್ನೊಂದನ್ನು ಬಿಚ್ಚಬೇಕು. ತಲೆಯ ಗಂಟನ್ನು ಬ್ಲೇಡಿನ ತುದಿಯಿಂದ ಮೆಲ್ಲಗೆ ಕೊಯ್ದು, ದಾರವನ್ನು ಹಿಂದುಮುಂದಾಗಿ ಬಿಚ್ಚುತ್ತ ಪ್ರತಿ ಸುತ್ತನ್ನೂ ಎಣಿಸಿ ಬರೆದುಕೊಳ್ಳಿ. ಎರಡೇ ಸುತ್ತಿನಲ್ಲಿ ಹ್ಯಾಕಲ್ ಹಿಡಿದು ನಿಂತಿರುವುದನ್ನು ಕಂಡಾಗ, ನೀವು ಹತ್ತು ಸುತ್ತು ಹಾಕಿ ತಲೆಯನ್ನು ಕಡಲೆಕಾಳಿನಷ್ಟು ದಪ್ಪ ಮಾಡುತ್ತಿದ್ದುದು ಏಕೆಂದು ತಿಳಿಯುತ್ತದೆ. ಒಂದೇ ಸಿಕ್ಕಿದ್ದರೆ ಬಿಚ್ಚುವ ಮುಂಚೆ ನಾಲ್ಕು ಕಡೆಯಿಂದ ಚಿತ್ರ ತೆಗೆದುಕೊಳ್ಳಿ.

ಆಮೇಲೆ ವಾರದೊಳಗೆ, ಮನೆಯಲ್ಲಿರುವ ಸಾಮಗ್ರಿಯಿಂದಲೇ, ಹನ್ನೆರಡು, ಎಲ್ಲವೂ ಒಂದೇ ಗಾತ್ರ, ಒಂದೇ ಬಣ್ಣ. ಕಟ್ಟಿದ ಕ್ರಮದಲ್ಲೇ ಥರ್ಮೋಕೋಲ್ ತುಂಡಿಗೆ ಚುಚ್ಚಿಡಿ. ಬಣ್ಣ ಬದಲಿಸಿದರೆ ಫ್ಲೈ ಚೆಂದ ಕಂಡದ್ದು ಕೈಯಿಂದಲೋ ಬಣ್ಣದಿಂದಲೋ ಎಂದು ತಿಳಿಯುವುದಿಲ್ಲ.

ಈ ವಾರ ಕಾಣಿಸಬಹುದಾದ ಲಕ್ಷಣಗಳೂ ಅವುಗಳ ಕಾರಣಗಳೂ ಹೀಗಿವೆ. ಬಾಲದ ಬುಡದ ಮುಂದೆ ಉಬ್ಬು ಎದ್ದರೆ ಮ್ಯಾರಬೂವಿನ ಬುಡವನ್ನು ತುಂಡಾಗಿ ಕತ್ತರಿಸಿದ್ದೀರಿ. ಮೈಯೆಲ್ಲ ದಂಡದ ಸುತ್ತ ತಿರುಗಿದರೆ ಮೊದಲು ಹಾಕಬೇಕಾದ ದಾರದ ಹಾಸನ್ನು ಬಿಟ್ಟಿದ್ದೀರಿ. ಹ್ಯಾಕಲ್‌ನ ಎಳೆಗಳು ಮುಂದಕ್ಕೂ ಹಿಂದಕ್ಕೂ ಅಡ್ಡಾದಿಡ್ಡಿ ನಿಂತರೆ ಗರಿಯನ್ನು ಸುತ್ತುವಾಗ ಅದು ಕೈಯಲ್ಲಿ ಮಗುಚಿಕೊಂಡಿದೆ. ದಾರ ಪದೇ ಪದೇ ತುಂಡಾದರೆ ಬಿಗಿತವನ್ನು ದೂರುವ ಮುಂಚೆ ಕೊಕ್ಕೆಯ ಮೊನೆಗೆ ತಾಗುತ್ತಿದೆಯೇ, ಬಾಬಿನ್ನಿನ ಕೊಳವೆಯ ತುದಿ ಒರಟಾಗಿದೆಯೇ ನೋಡಿ. ಆರನೆಯ ಫ್ಲೈಗೂ ಕೊಕ್ಕೆಯ ಕಣ್ಣು ಮುಚ್ಚಿಹೋಗುತ್ತಿದ್ದರೆ, ದಾರ ಸುತ್ತುವ ಮುಂಚೆಯೇ ಕಣ್ಣಿನ ಹಿಂದೆ ಮಾರ್ಕರಿನಿಂದ ಒಂದು ಗೆರೆ ಎಳೆದು, ಶೆನೀಲ್ ಅದನ್ನು ದಾಟದಂತೆ ನೋಡಿಕೊಳ್ಳಿ.

ಹನ್ನೆರಡನೆಯದು ಮುಗಿದ ಮೇಲೆ ಗಾಜಿನ ಲೋಟದಲ್ಲಿ ನೀರು ತುಂಬಿ, ಮೊದಲನೆಯದನ್ನೂ ಹನ್ನೆರಡನೆಯದನ್ನೂ ದಾರಕ್ಕೆ ಕಟ್ಟಿ ಒಂದಾದ ಮೇಲೊಂದು ಇಳಿಬಿಟ್ಟು ಮೆಲ್ಲಗೆ ಎಳೆದು ನೋಡಿ. ಒಣಗಿದ್ದಾಗ ಚೆಂದ ಕಂಡ ಫ್ಲೈ ನೀರಿನಲ್ಲಿ ಪಕ್ಕಕ್ಕೆ ವಾಲಬಹುದು, ಮ್ಯಾರಬೂ ಒತ್ತಾಗಿದ್ದರೆ ಬಾಲ ಅಲ್ಲಾಡದೆ ಕಡ್ಡಿಯಂತೆ ನಿಲ್ಲಬಹುದು. ಎರಡರಲ್ಲಿ ಇನ್ನೂ ಕೆಟ್ಟದಾಗಿ ಈಜುವುದನ್ನು ಎಸೆಯದೆ, ಏನು ತಪ್ಪಾಗಿದೆಯೆಂದು ಒಂದು ಚೀಟಿಯಲ್ಲಿ ಬರೆದು, ಚೀಟಿಯೊಂದಿಗೆ ಮುಂದಿನ ಪ್ರದರ್ಶನದ ಡಬ್ಬಿಗೆ ಹಾಕಿಡಿ.